ವಿಶೇಷ ಶಿಕ್ಷಕರ ಸಂಬಳ: ಧಾರವಾಡ, ಗದಗ, ಹಾವೇರಿ ಕಡೆ ಯಾವ ಕೆಲಸ ಹಿಡಿದರೆ ಕೈಗೆಷ್ಟು?

ಆ ಹುಡುಗಿ ಎರಡು ಪತ್ರ ಹಿಡಿದುಕೊಂಡು ಬಂದಿದ್ದಳು. ವಿಶೇಷ ಡಿ.ಇಡಿ (ಅಂಗವಿಕಲ ಮಕ್ಕಳಿಗೆ ಕಲಿಸುವವರ ಡಿಪ್ಲೊಮಾ) ಮುಗಿಸಿ ಎರಡು ತಿಂಗಳಾಗಿತ್ತು. ಊರು ಅಣ್ಣಿಗೇರಿ, ಈಗ ಧಾರವಾಡದ ಮಾಳಮಡ್ಡಿಯಲ್ಲಿ ಗೆಳತಿಯರ ಜೊತೆ ರೂಮ್. ಒಂದು ಪತ್ರ ಹುಬ್ಬಳ್ಳಿಯ ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಯದು, ತಿಂಗಳಿಗೆ 18,000 ರೂಪಾಯಿ. ಇನ್ನೊಂದು ಧಾರವಾಡದ್ದೇ ಒಂದು ವಿಶೇಷ ಶಾಲೆಯದು, 14,500.

"ಅಕ್ಕಾರ, ಇದ್ರಾಗ ಕೇಳೋದೇನೈತ್ರಿ? ಹದಿನೆಂಟು ಸಾವಿರದ್ದ ಛಲೋ ಅಲ್ಲೇನ್ರಿ?" ಅಂದಳು.

ನೋಡಿದ ಕೂಡಲೇ ಯಾರಿಗಾದರೂ ಹಾಗೇ ಅನಿಸುತ್ತದೆ. ನಾನು ಪತ್ರಗಳನ್ನು ಪೂರ್ತಿ ಓದಿದೆ. ಹುಬ್ಬಳ್ಳಿ ಶಾಲೆಯ ಪತ್ರದ ಕೊನೆಯಲ್ಲಿ ಒಂದು ಸಾಲು ಇತ್ತು: ನೇಮಕ ಜೂನ್‌ನಿಂದ ಮಾರ್ಚ್‌ವರೆಗೆ. ಅಂದರೆ ಹತ್ತು ತಿಂಗಳು. ಪಿಎಫ್ ಮಾತೇ ಇರಲಿಲ್ಲ. ಧಾರವಾಡದ ಶಾಲೆ ಹನ್ನೆರಡು ತಿಂಗಳೂ ಸಂಬಳ ಕೊಡುತ್ತಿತ್ತು, ಪೂರ್ತಿ ಸಂಬಳದ ಮೇಲೆ ಪಿಎಫ್ ಕಟ್ಟುತ್ತಿತ್ತು.

ಹಾಳೆ ತಗೊಂಡು ಲೆಕ್ಕ ಹಾಕಿದೆವು. 18,000ವನ್ನು ಹತ್ತರಿಂದ ಗುಣಿಸಿದರೆ ವರ್ಷಕ್ಕೆ 1,80,000. ಅಷ್ಟೇ, ಮುಂದೇನೂ ಇಲ್ಲ. 14,500ನ್ನು ಹನ್ನೆರಡರಿಂದ ಗುಣಿಸಿದರೆ 1,74,000. ಅದರ ಮೇಲೆ ಶಾಲೆ ತನ್ನ ಕಡೆಯಿಂದ ಕಟ್ಟುವ 12 ಶೇಕಡಾ ಪಿಎಫ್, ತಿಂಗಳಿಗೆ 1,740, ವರ್ಷಕ್ಕೆ 20,880. ಒಟ್ಟು 1,94,880. ಸಣ್ಣದು ಅಂದುಕೊಂಡ ಪತ್ರವೇ ವರ್ಷಕ್ಕೆ 14,880 ರೂಪಾಯಿ ದೊಡ್ಡದಾಗಿತ್ತು.

ಅವಳ ಮುಖ ನೋಡಿ ನನಗೆ ಸಂಕಟವಾಯಿತು. ಯಾಕಂದ್ರೆ 2009ರಲ್ಲಿ ನಾನೂ ಹೀಗೇ ದೊಡ್ಡ ಅಂಕಿ ನೋಡಿ ಒಂದು ಶಾಲೆ ಸೇರಿದ್ದೆ. ಏಪ್ರಿಲ್, ಮೇ ಎರಡು ತಿಂಗಳು ಸಂಬಳ ಇಲ್ಲ ಅಂತ ಗೊತ್ತಾಗಿದ್ದು ಏಪ್ರಿಲ್ ಬಂದ ಮೇಲೆ. ಆ ಬೇಸಿಗೆ ಮನೆ ಬಾಡಿಗೆಗೆ ಅಮ್ಮನ ಬಳೆ ಒತ್ತೆ ಇಟ್ಟೆವು. ಅದಕ್ಕೇ ಈ ಬರಹ. ವಿಶೇಷ ಮಕ್ಕಳಿಗೆ ಕಲಿಸುವವರು ತಮ್ಮ ಸಂಬಳದ ಬಗ್ಗೆ ಕೇಳೋಕೆ ನಾಚಬಾರದು. "ಸೇವೆ" ಅನ್ನೋ ಮಾತು ಹೇಳಿ ನಮ್ಮ ಬಾಯಿ ಮುಚ್ಚಿಸುವವರು ಬಹಳ ಜನ ಇದ್ದಾರೆ. ಸೇವೆ ನಿಜ, ಬಾಡಿಗೆಯೂ ನಿಜ.

ಮೊದಲು ಕೇಳಬೇಕಾದ್ದು: ದುಡ್ಡು ಎಲ್ಲಿಂದ ಬರುತ್ತದೆ?

ಇಷ್ಟು ವರ್ಷದಲ್ಲಿ ನಾನು ಕಂಡುಕೊಂಡದ್ದು ಇದೊಂದೇ. ನಮ್ಮ ಸಂಬಳವನ್ನು ನಿಜವಾಗಿ ಕಟ್ಟಿಹಾಕುವುದು ಡಿಗ್ರಿ ಅಲ್ಲ, ಅನುಭವವೂ ಅಲ್ಲ. ದುಡ್ಡು ಯಾರ ಜೇಬಿನಿಂದ ಬರುತ್ತದೆ ಅನ್ನೋದು. ಒಂದೇ ಕೋರ್ಸು, ಒಂದೇ ಬ್ಯಾಚು, ಒಂದೇ ಥರದ ಮಕ್ಕಳು. ಆದರೂ ನಾಲ್ಕು ಗೆಳತಿಯರಿಗೆ ನಾಲ್ಕು ಥರದ ಬದುಕು. ಒಬ್ಬಳಿಗೆ ಸರ್ಕಾರದ ಖಜಾನೆ ಕೊಡುತ್ತದೆ, ಒಬ್ಬಳಿಗೆ ಅನುದಾನ, ಒಬ್ಬಳಿಗೆ ಶಾಲೆಯ ಫೀ, ಒಬ್ಬಳಿಗೆ ಮಗುವಿನ ಅಪ್ಪ ಅಮ್ಮ. ಯಾವ ಕೆಲಸಕ್ಕೆ ಕರೆ ಬಂದರೂ ಮೊದಲು ಇದನ್ನು ತಿಳಿದುಕೊಳ್ಳಿ. ಸಂಬಳ ಎಷ್ಟರವರೆಗೆ ಏರುತ್ತದೆ, ಯಾವಾಗ ನಿಲ್ಲುತ್ತದೆ ಅನ್ನೋದು ಅಲ್ಲೇ ಗೊತ್ತಾಗುತ್ತದೆ.

ಖಜಾನೆಯ ಸಂಬಳ

ಇದರಷ್ಟು ಗಟ್ಟಿ ಬೇರೆ ಯಾವುದೂ ಇಲ್ಲ. ರಾಜ್ಯದಲ್ಲಿ 7ನೇ ವೇತನ ಆಯೋಗದ ಸಂಬಳ 2024ರ ಆಗಸ್ಟ್ 1ರಿಂದ ಜಾರಿಗೆ ಬಂದಿದೆ. ರಾಜ್ಯ ಸರ್ಕಾರಿ ನೌಕರಿಯ ಅತಿ ಕೆಳಗಿನ ಮೂಲವೇತನವೇ 27,000. ಪ್ರಾಥಮಿಕ ಶಾಲಾ ಶಿಕ್ಷಕರ ಮೂಲವೇತನ 41,300ರಿಂದ ಶುರುವಾಗುತ್ತದೆ. ಅದರ ಮೇಲೆ ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ.

ಈ ಮನೆ ಬಾಡಿಗೆ ಭತ್ಯೆ ನಮ್ಮ ಮೂರು ಜಿಲ್ಲೆಯವರಿಗೆ ಮುಖ್ಯ. ಅದು ಊರಿನ ಜನಸಂಖ್ಯೆ ನೋಡಿ ಸಿಗುತ್ತದೆ. 2011ರ ಜನಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ 9.4 ಲಕ್ಷ ದಾಟಿತ್ತು, ಹಾಗಾಗಿ ಇಲ್ಲಿ ಮೂಲವೇತನದ 15 ಶೇಕಡಾ. ಗದಗ-ಬೆಟಗೇರಿ, ಹಾವೇರಿ, ರಾಣೆಬೆನ್ನೂರು, ಇಲ್ಲೆಲ್ಲ 7.5 ಶೇಕಡಾ. 41,300ರ ಮೇಲೆ ಲೆಕ್ಕ ಹಾಕಿದರೆ ಅವಳಿ ನಗರದಲ್ಲಿ 6,195, ಗದಗದಲ್ಲಿ ಸುಮಾರು 3,100. ಅರ್ಧಕ್ಕರ್ಧ ವ್ಯತ್ಯಾಸ. ಆದರೆ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಎರಡು ರೂಮಿನ ಮನೆಗೆ ಎಷ್ಟು ಬಾಡಿಗೆ ಕೊಡಬೇಕು, ಹಾವೇರಿಯಲ್ಲಿ ಎಷ್ಟು ಅಂತ ಹೋಲಿಸಿ ನೋಡಿ. ನನ್ನ ಲೆಕ್ಕದಲ್ಲಿ ಕಡಿಮೆ ಭತ್ಯೆ ತಗೊಂಡು ಹಾವೇರಿಯಲ್ಲಿ ಇರುವವರ ಕೈಯಲ್ಲೇ ತಿಂಗಳ ಕೊನೆಗೆ ಜಾಸ್ತಿ ಉಳಿಯುತ್ತದೆ.

ಕಡಿತದ ವಿಷಯ. 2006ರ ಏಪ್ರಿಲ್ ನಂತರ ಸೇರಿದವರಿಗೆ ಎನ್‌ಪಿಎಸ್, ಅಂದರೆ ಹೊಸ ಪಿಂಚಣಿ ಯೋಜನೆ. ನಿಮ್ಮ ಮೂಲವೇತನ ಮತ್ತು ತುಟ್ಟಿಭತ್ಯೆಯ 10 ಶೇಕಡಾ ಹೋಗುತ್ತದೆ, ಸರ್ಕಾರ 14 ಶೇಕಡಾ ಹಾಕುತ್ತದೆ. ಹೆಣ್ಣುಮಕ್ಕಳಿಗೆ ಹೆರಿಗೆ ರಜೆ 180 ದಿನ, ಪೂರ್ತಿ ಸಂಬಳದ ಜೊತೆ. ಈ ವೃತ್ತಿಯಲ್ಲಿ ಹೆಣ್ಣುಮಕ್ಕಳೇ ಜಾಸ್ತಿ ಇರೋದರಿಂದ ಇದನ್ನು ಸಂಬಳದ ಭಾಗ ಅಂತಲೇ ಎಣಿಸಬೇಕು.

ಇಷ್ಟೆಲ್ಲ ಚೆನ್ನಾಗಿದ್ದರೆ ಎಲ್ಲರೂ ಅಲ್ಲಿಗೇ ಹೋಗಬಹುದಲ್ವಾ? ಬಾಗಿಲು ಕಿರಿದು. ತಾಲ್ಲೂಕು ಮಟ್ಟದಲ್ಲಿ ಅಂಗವಿಕಲ ಮಕ್ಕಳ ಶಿಕ್ಷಣ ನೋಡಿಕೊಳ್ಳುವವರು ಬಿಐಇಆರ್‌ಟಿ ಶಿಕ್ಷಕರು. ತಾಲ್ಲೂಕಿನ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿ ಕಚೇರಿಯಲ್ಲಿ ಕೂರುತ್ತಾರೆ, ಶಾಲೆ ಶಾಲೆ ತಿರುಗುತ್ತಾರೆ, ಶಾಲೆಗೆ ಬರಲಾಗದ ಮಗುವಿನ ಮನೆಗೂ ಹೋಗುತ್ತಾರೆ. ಇವರು ಸಾಮಾನ್ಯವಾಗಿ ಇಲಾಖೆಯಲ್ಲಿ ಮೊದಲೇ ಇರುವ ಶಿಕ್ಷಕರು. ವಿಶೇಷ ತರಬೇತಿ ಪಡೆದು ಈ ಕೆಲಸಕ್ಕೆ ಬಂದಿರುತ್ತಾರೆ, ಸಂಬಳ ಅವರ ಮೂಲ ಹುದ್ದೆಯದ್ದೇ. ಅಂದರೆ ನೀವು ಮೊದಲು ಶಿಕ್ಷಕರ ನೇಮಕಾತಿಯಲ್ಲಿ ಗೆದ್ದು ಬರಬೇಕು. ಮೊದಲು ಟಿಇಟಿ ಅನ್ನೋ ಶಿಕ್ಷಕರ ಅರ್ಹತಾ ಪರೀಕ್ಷೆ, ಆಮೇಲೆ ಸ್ಪರ್ಧಾತ್ಮಕ ಪರೀಕ್ಷೆ. ಧಾರವಾಡದ ಸಪ್ತಾಪುರದ ಲೈಬ್ರರಿಗಳಲ್ಲಿ ಬೆಳಗ್ಗೆ ಆರಕ್ಕೇ ಬ್ಯಾಗ್ ಇಟ್ಟು ಜಾಗ ಹಿಡಿಯುವ ಹುಡುಗರನ್ನು ನೋಡಿದ್ದೀರಲ್ಲ, ಆ ಸಾಲಿನಲ್ಲೇ ನಾವೂ ನಿಲ್ಲಬೇಕು. ಒಂದು ಸಮಾಧಾನ ಅಂದರೆ ಟಿಇಟಿ ಪ್ರಮಾಣಪತ್ರ ಈಗ ಜೀವನಪೂರ್ತಿ ನಡೆಯುತ್ತದೆ. ಒಮ್ಮೆ ಪಾಸಾದರೆ ಸಾಕು.

ಕೇಂದ್ರ ಸರ್ಕಾರದ ಶಾಲೆಗಳು ಇನ್ನೊಂದು ದಾರಿ. ಹುಬ್ಬಳ್ಳಿ, ಧಾರವಾಡ, ಗದಗದಲ್ಲಿ ಕೇಂದ್ರೀಯ ವಿದ್ಯಾಲಯ ಇವೆ. ಮೂರೂ ಜಿಲ್ಲೆಗೆ ಒಂದೊಂದು ನವೋದಯ ಇದೆ. ಅಲ್ಲಿ ಪ್ರಾಥಮಿಕ ಹಂತದ ಶಿಕ್ಷಕರ ಮೂಲವೇತನ 35,400, 6ರಿಂದ 10ನೇ ತರಗತಿಗೆ ಕಲಿಸುವ ಟಿಜಿಟಿ ಹಂತಕ್ಕೆ 44,900. ವಿಶೇಷ ಶಿಕ್ಷಕರಿಗೂ ಇದೇ ಶ್ರೇಣಿ. ಮನೆ ಬಾಡಿಗೆ ಭತ್ಯೆ ಹುಬ್ಬಳ್ಳಿ-ಧಾರವಾಡಕ್ಕೆ 20 ಶೇಕಡಾ, ಗದಗ, ಹಾವೇರಿಗೆ 10. ಸಂಬಳ ಒಳ್ಳೆಯದೇ. ಆದರೆ ವರ್ಗಾವಣೆ ದೇಶದ ಯಾವ ಮೂಲೆಗಾದರೂ ಆಗಬಹುದು. ವಯಸ್ಸಾದ ಅತ್ತೆ ಮಾವ, ಎರಡು ಸಣ್ಣ ಮಕ್ಕಳು ಇದ್ದವರು ಇದನ್ನು ಮೊದಲೇ ಮನೆಯಲ್ಲಿ ಕೂತು ಮಾತಾಡಿಕೊಳ್ಳಬೇಕು. ಕೇಂದ್ರೀಯ ವಿದ್ಯಾಲಯಗಳು ವರ್ಷ ವರ್ಷ ಫೆಬ್ರವರಿ, ಮಾರ್ಚ್ ಹೊತ್ತಿಗೆ ಗುತ್ತಿಗೆ ಶಿಕ್ಷಕರಿಗೆ ನೇರ ಸಂದರ್ಶನ ಮಾಡುತ್ತವೆ. ಅದು ಆ ವರ್ಷದ ಮಟ್ಟಿಗೆ ಮಾತ್ರ. ಆದರೂ ಹೊಸಬರಿಗೆ ಒಳ್ಳೆಯ ಅನುಭವ, ಶಾಲೆಯ ವೆಬ್‌ಸೈಟ್ ನೋಡುತ್ತಿರಿ.

ಇನ್ನೊಂದು ವಿಷಯ ಇಲ್ಲೇ ಹೇಳಬೇಕು, ಯಾಕಂದ್ರೆ ನಮ್ಮಲ್ಲಿ ಬಹಳ ಜನಕ್ಕೆ ಇದು ಗೊತ್ತಿಲ್ಲ. 2021ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಒಂದು ತೀರ್ಪು ಕೊಟ್ಟಿತು. ಪ್ರಾಥಮಿಕ ಹಂತದಲ್ಲಿ 10 ವಿಶೇಷ ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ, ಮೇಲಿನ ತರಗತಿಗಳಲ್ಲಿ 15ಕ್ಕೆ ಒಬ್ಬ ಇರಬೇಕು ಅಂತ. 2025ರ ಮಾರ್ಚ್‌ನಲ್ಲಿ ಅದೇ ಪ್ರಕರಣದಲ್ಲಿ ರಾಜ್ಯಗಳು ಈ ಹುದ್ದೆಗಳನ್ನು ಮಂಜೂರು ಮಾಡಬೇಕು, ಅರ್ಹತೆ ಇರುವ ಗುತ್ತಿಗೆ ವಿಶೇಷ ಶಿಕ್ಷಕರನ್ನು ಸಮಿತಿ ಮೂಲಕ ಪರಿಶೀಲಿಸಬೇಕು ಅಂತಲೂ ಹೇಳಿತು. ತೀರ್ಪು ಬಂದ ಮರುದಿನವೇ ನೌಕರಿ ಸಿಗುವುದಿಲ್ಲ ನಿಜ. ಆದರೆ ಕಾಯಂ ಹುದ್ದೆಯ ಅಧಿಸೂಚನೆ ಬಂದ ದಿನ ನಿಮ್ಮ ಕಾಗದ ಪತ್ರ ಎಲ್ಲ ಸರಿ ಇರಬೇಕು. ಎಲ್ಲಿ ಕೆಲಸ ಮಾಡಿದರೂ ನೇಮಕಾತಿ ಪತ್ರ, ಸೇವಾ ಪ್ರಮಾಣಪತ್ರ, ಸಂಬಳ ಬ್ಯಾಂಕಿಗೆ ಬಂದ ದಾಖಲೆ ಜೋಪಾನವಾಗಿ ಇಟ್ಟುಕೊಳ್ಳಿ. ಕೈಯಲ್ಲಿ ಕ್ಯಾಶ್ ಕೊಡುವ ಸಂಸ್ಥೆಯಲ್ಲಿ ಐದು ವರ್ಷ ದುಡಿದರೂ ಕಾಗದದ ಮೇಲೆ ನೀವು ಅಲ್ಲಿ ಇರಲೇ ಇಲ್ಲ.

ಅನುದಾನದ ವಿಶೇಷ ಶಾಲೆ

ನಮ್ಮ ಭಾಗದಲ್ಲಿ ವಿಶೇಷ ಶಿಕ್ಷಣ ಅಂದರೆ ಬಹುಮಟ್ಟಿಗೆ ಈ ಶಾಲೆಗಳೇ. ಹುಬ್ಬಳ್ಳಿಯಲ್ಲಿ ಸರ್ಕಾರದ್ದೇ ಅಂಧ ಮಕ್ಕಳ ಶಾಲೆ ಇದೆ, ಅಲ್ಲಿಯ ಕಾಯಂ ಶಿಕ್ಷಕರಿಗೆ ಮೇಲೆ ಹೇಳಿದ ಖಜಾನೆಯ ಲೆಕ್ಕವೇ. ಉಳಿದವು ಟ್ರಸ್ಟ್, ಸೇವಾ ಸಂಸ್ಥೆಗಳು ನಡೆಸುವ ಶಾಲೆಗಳು. ಅವುಗಳಿಗೆ ದುಡ್ಡು ಬರುವುದು ರಾಜ್ಯದ ಶಿಶು ಕೇಂದ್ರಿತ ಯೋಜನೆಯಿಂದ, ಕೇಂದ್ರದ ದೀನದಯಾಳ್ ಪುನರ್ವಸತಿ ಯೋಜನೆಯಿಂದ, ದಾನಿಗಳಿಂದ.

ಶಿಶು ಕೇಂದ್ರಿತ ಅನ್ನೋ ಹೆಸರಲ್ಲೇ ಗುಟ್ಟು ಇದೆ. ಅನುದಾನ ಮಕ್ಕಳ ತಲೆ ಎಣಿಕೆ ಮೇಲೆ. ಮಕ್ಕಳು ಕಡಿಮೆಯಾದರೆ ಅನುದಾನ ಕಡಿಮೆ, ಅನುದಾನ ತಡವಾದರೆ ಸಂಬಳ ತಡ. ಹೀಗಾಗಿ ಇಲ್ಲಿ ಸಂಬಳದ ಅಂಕಿಗಿಂತ ಮುಖ್ಯವಾದ ಪ್ರಶ್ನೆ ಬೇರೆ: "ಕಳೆದ ವರ್ಷ ಎಷ್ಟು ತಿಂಗಳು ಸಂಬಳ ತಡವಾಯಿತು? ಅನುದಾನ ಬರುವವರೆಗೆ ಸಂಸ್ಥೆ ತನ್ನ ಕೈಯಿಂದ ಕೊಡುತ್ತದಾ?" ಇದನ್ನು ಮುಖ್ಯಸ್ಥರನ್ನಲ್ಲ, ಅಲ್ಲಿ ಈಗಾಗಲೇ ಕೆಲಸ ಮಾಡುವ ಶಿಕ್ಷಕರನ್ನು ಕೇಳಿ. ಚಹಾ ಕುಡಿಯುವಾಗ ಕೇಳಿದರೆ ನಿಜ ಹೇಳುತ್ತಾರೆ.

ನಾನು ಒಂದು ಶಾಲೆಯಲ್ಲಿ ಇದ್ದಾಗ ಐದು ತಿಂಗಳು ಸಂಬಳ ಬರಲಿಲ್ಲ. ಆರನೇ ತಿಂಗಳು ಒಟ್ಟಿಗೇ ಬಂತು. ಕೈಗೆ ಒಟ್ಟಿಗೆ ಬಂದ ದುಡ್ಡು ಸಾಲ ತೀರಿಸೋಕೆ ಹೋಯಿತು, ಬಡ್ಡಿ ಮಾತ್ರ ನಮ್ಮ ತಲೆ ಮೇಲೆ ಉಳಿಯಿತು. ಸಂಬಳ ಎಷ್ಟು ಅನ್ನುವುದರ ಜೊತೆ ಎಂದು ಬರುತ್ತದೆ ಅನ್ನುವುದಕ್ಕೂ ಬೆಲೆ ಇದೆ, ಅದು ನನಗೆ ಆಗ ಅರ್ಥವಾಯಿತು.

ಹಾಗಂತ ಈ ಶಾಲೆಗಳನ್ನು ಬಿಟ್ಟುಬಿಡಿ ಅಂತ ನಾನು ಹೇಳುವುದಿಲ್ಲ. ಕೆಲಸ ಕಲಿಯೋಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಒಂದೇ ವರ್ಷದಲ್ಲಿ ಹತ್ತು ಥರದ ಮಕ್ಕಳನ್ನು ನೋಡುತ್ತೀರಿ. ವಸತಿ ಶಾಲೆಯಾದರೆ ಊಟ, ರೂಮು ಸಿಗುತ್ತದೆ. ಬ್ಯಾಡಗಿಯಿಂದಲೋ ಮುಂಡರಗಿಯಿಂದಲೋ ಬಂದ ಹುಡುಗಿಗೆ ಅದೇ ತಿಂಗಳಿಗೆ ಕೆಲವು ಸಾವಿರದ ಉಳಿತಾಯ. ಆದರೆ ರಾತ್ರಿ ಪಾಳಿ ಇದೆಯಾ, ವಾರಕ್ಕೆ ಎಷ್ಟು ದಿನ, ಅದನ್ನು ಪತ್ರದಲ್ಲಿ ಬರೆಸಿಕೊಳ್ಳಿ. ರಾತ್ರಿ ಮಗುವಿಗೆ ಫಿಟ್ಸ್ ಬಂದರೆ ಎದ್ದು ಓಡುವವರು ನೀವೇ ಆಗಿರುತ್ತೀರಿ.

ಪಿಎಫ್ ಇರುವ ಸಂಸ್ಥೆಯನ್ನೇ ಹುಡುಕಿ. ಕೆಲಸದಾತರ 12 ಶೇಕಡಾದಲ್ಲಿ 8.33 ಪಿಂಚಣಿ ಖಾತೆಗೆ ಹೋಗುತ್ತದೆ. 10 ವರ್ಷದ ಸೇವೆ ಆದರೆ 58ಕ್ಕೆ ಪಿಂಚಣಿಗೆ ಅರ್ಹರು. ಸಂಸ್ಥೆ ಬದಲಾದರೂ ಒಂದೇ ಯುಎಎನ್ ನಂಬರ್ (ಪಿಎಫ್‌ನ ಕಾಯಂ ಸಂಖ್ಯೆ) ಇಟ್ಟುಕೊಂಡರೆ ವರ್ಷಗಳು ಕೂಡುತ್ತಾ ಹೋಗುತ್ತವೆ. ಗ್ರ್ಯಾಚುಟಿಯೂ ಹಾಗೇ. ಕಾಯಂ ಕೆಲಸದಲ್ಲಿ 5 ವರ್ಷ ತುಂಬಿದರೆ ವರ್ಷಕ್ಕೆ 15 ದಿನದ ಸಂಬಳದಂತೆ ಸಿಗಬೇಕು. ಶಿಕ್ಷಕರಿಗೂ ಇದು ಅನ್ವಯಿಸುತ್ತದೆ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಎತ್ತಿಹಿಡಿದಿದೆ. ಕೊನೆಯ ಸಂಬಳ 14,500 ಇದ್ದರೆ ಐದು ವರ್ಷಕ್ಕೆ 41,800ರ ಮೇಲಾಯಿತು. "ಟೀಚರ್‌ಗೆಲ್ಲ ಅದಿಲ್ಲ" ಅಂತ ಯಾರಾದರೂ ಹೇಳಿದರೆ ಸುಮ್ನೆ ಎದ್ದು ಬರಬೇಡಿ, ಕಾನೂನು ನಿಮ್ಮ ಕಡೆ ಇದೆ.

ಫೀ ಮೇಲೆ ನಡೆಯುವ ಶಾಲೆ

ಸಿಬಿಎಸ್‌ಇ ಮಾನ್ಯತೆ ಬೇಕಾದರೆ ಶಾಲೆಯಲ್ಲಿ ವಿಶೇಷ ಶಿಕ್ಷಕರು ಇರಲೇಬೇಕು. ಹುಬ್ಬಳ್ಳಿಯ ಗೋಕುಲ ರೋಡ್, ಕೇಶ್ವಾಪುರ, ಧಾರವಾಡದ ಸತ್ತೂರು ಕಡೆ ಶಾಲೆಗಳು ಹೆಚ್ಚಾದಂತೆ ನಮಗೆ ಕರೆಗಳೂ ಹೆಚ್ಚಾದವು. ಗದಗ, ರಾಣೆಬೆನ್ನೂರಿನಲ್ಲೂ ಶುರುವಾಗಿದೆ.

ಇಲ್ಲಿ ಸಂಬಳ ನಿರ್ಧಾರವಾಗುವುದು ಶಾಲೆಯ ಫೀ ನೋಡಿ. ವರ್ಷಕ್ಕೆ ಒಂದು ಲಕ್ಷ ಫೀ ತಗೊಳ್ಳುವ ಶಾಲೆ ಮತ್ತು ಇಪ್ಪತ್ತು ಸಾವಿರ ತಗೊಳ್ಳುವ ಶಾಲೆ ಒಂದೇ ಸಂಬಳ ಕೊಡಲಾರವು. ಹೀಗಾಗಿ ಸಂದರ್ಶನಕ್ಕೆ ಹೋಗುವ ಮೊದಲು ಶಾಲೆಯ ಫೀ ಎಷ್ಟು ಅಂತ ವಿಚಾರಿಸಿ. ನಿಮ್ಮ ಸಂಬಳವನ್ನು ಬೇರೆ ಶಾಲೆಯ ವಿಶೇಷ ಶಿಕ್ಷಕರ ಜೊತೆ ಹೋಲಿಸಬೇಡಿ, ಅದೇ ಶಾಲೆಯ ಗಣಿತ ಟೀಚರ್ ಜೊತೆ ಹೋಲಿಸಿ. ಬಿ.ಇಡಿ ಆದ ಗಣಿತದವರಿಗಿಂತ ವಿಶೇಷ ಬಿ.ಇಡಿ ಆದ ನಿಮಗೆ ಕಡಿಮೆ ಕೊಡುತ್ತಿದ್ದರೆ, ಅವರಿಗೆ ಬೇಕಾಗಿರೋದು ನೀವಲ್ಲ, ಮಾನ್ಯತೆಯ ಕಡತದಲ್ಲಿ ನಿಮ್ಮ ಹೆಸರು. ಅಂಥ ಕಡೆ ನಿಮ್ಮನ್ನು ಪರೀಕ್ಷೆ ಮೇಲ್ವಿಚಾರಣೆಗೆ, ಬಸ್ ಡ್ಯೂಟಿಗೆ, ರಜೆ ಹಾಕಿದವರ ಕ್ಲಾಸಿಗೆ ಕಳಿಸುತ್ತಾರೆ. ಮಕ್ಕಳಿಗೆ ಸಿಗಬೇಕಾದ ಹೊತ್ತು ಹೀಗೇ ಹೋಗುತ್ತದೆ. ಇದನ್ನು ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ.

ಒಳ್ಳೆಯ ಶಾಲೆಗಳೂ ಇವೆ. ವಿಶೇಷ ಮಕ್ಕಳಿಗೆ ಕಲಿಸೋಕೆ ಬೇರೆ ರಿಸೋರ್ಸ್ ರೂಮ್ ಕೊಟ್ಟು, ಪ್ರತಿ ಮಗುವಿಗೆ ಐಇಪಿ (ಆ ಮಗುವಿಗೆಂದೇ ಮಾಡಿದ ಕಲಿಕಾ ಯೋಜನೆ) ಬರೆಯೋಕೆ ಸಮಯ ಕೊಟ್ಟು, ವರ್ಷ ವರ್ಷ ಸಂಬಳ ಏರಿಸುವವರು. ಅಂಥ ಕಡೆ ಐದಾರು ವರ್ಷ ನಿಂತರೆ ಸಂಯೋಜಕಿಯ ಹುದ್ದೆಗೆ ಹೋಗಬಹುದು.

ಕ್ಲಾಸಿನಲ್ಲಿ ಒಂದೇ ಮಗುವಿನ ಪಕ್ಕ ಕೂತು ನೆರವಾಗುವ ಶ್ಯಾಡೋ ಟೀಚರ್ ಕೆಲಸವನ್ನು ಇದರ ಜೊತೆ ಕಲಸಬೇಡಿ. ನೀವು ಕೂರುವುದು ಶಾಲೆಯಲ್ಲೇ, ಆದರೆ ಸಂಬಳ ಕೊಡುವವರು ಒಂದು ಮಗುವಿನ ಅಪ್ಪ ಅಮ್ಮ. ಅವರಿಗೆ ಬೆಂಗಳೂರಿಗೆ ವರ್ಗವಾದರೆ ಅವತ್ತೇ ನಿಮ್ಮ ಕೆಲಸ ಹೋಯಿತು. ಪಿಎಫ್ ಇಲ್ಲ, ಸೇವಾ ಪ್ರಮಾಣಪತ್ರ ಇಲ್ಲ. ಒಂದು ವರ್ಷದ ಮಟ್ಟಿಗೆ ಸರಿ, ಅದನ್ನೇ ನಂಬಿ ಕೂರಬೇಡಿ.

ಮನೆ ಮನೆಗೆ ಹೋಗಿ ಕಲಿಸುವುದು

ಕೇಳೋಕೆ ಇದರಷ್ಟು ಚಂದದ ಲೆಕ್ಕ ಇಲ್ಲ. ಒಂದು ಸೆಷನ್‌ಗೆ 300 ಎಂದು ಹಿಡಿಯೋಣ. ಐದು ಮಕ್ಕಳು, ವಾರಕ್ಕೆ ಮೂರು ದಿನ. ತಿಂಗಳಿಗೆ 60 ಸೆಷನ್, 18,000 ರೂಪಾಯಿ. ಅದೂ ಸಂಜೆ ಹೊತ್ತಿನ ಕೆಲಸ ಮಾತ್ರ.

ಈಗ ನಿಜದ ತಿಂಗಳು ನೋಡಿ. ಒಂದು ಮಗುವಿಗೆ ಜ್ವರ. ಇನ್ನೊಬ್ಬರ ಮನೆಯಲ್ಲಿ ಮದುವೆ. ಶ್ರಾವಣ, ಗಣಪತಿ, ದಸರಾ, ದೀಪಾವಳಿ. ನಾಲ್ಕರಲ್ಲಿ ಒಂದು ಸೆಷನ್ ತಪ್ಪಿದರೆ 13,500ಕ್ಕೆ ಬಂತು. ಕೇಶ್ವಾಪುರದಿಂದ ನವನಗರ, ಅಲ್ಲಿಂದ ಹಳೇ ಹುಬ್ಬಳ್ಳಿ ಅಂತ ಗಾಡಿ ಓಡಿಸುವ ಪೆಟ್ರೋಲ್ ನಿಮ್ಮದೇ. ಮೇ ತಿಂಗಳಲ್ಲಿ ಮಕ್ಕಳು ಅಜ್ಜಿ ಊರಿಗೆ ಹೋಗುತ್ತಾರೆ.

ಇದಕ್ಕೆ ನಾನು ಕಂಡುಕೊಂಡ ದಾರಿ: ಸೆಷನ್ ಲೆಕ್ಕ ಬಿಟ್ಟು ತಿಂಗಳ ಲೆಕ್ಕ ಮಾಡಿ, ತಿಂಗಳ ಮೊದಲೇ ತಗೊಳ್ಳಿ. ಮಗು ತಪ್ಪಿಸಿದರೆ ಎರಡು ಸೆಷನ್‌ವರೆಗೆ ಬೇರೆ ದಿನ ಹೇಳಿಕೊಡುತ್ತೇನೆ ಅಂತ ಮೊದಲ ದಿನವೇ ಹೇಳಿ. ಒಂದೇ ಬಡಾವಣೆಯ ಮಕ್ಕಳನ್ನು ಹಿಡಿಯಿರಿ. ಪಾಲಕರಿಗೆ ನಿರಾಮಯ ವಿಮೆ ಬಗ್ಗೆ ತಿಳಿಸಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ವರ್ಷಕ್ಕೆ 1 ಲಕ್ಷದವರೆಗೆ ರಕ್ಷಣೆ ಇರುವ ಯೋಜನೆ ಅದು. ಥೆರಪಿ ಖರ್ಚಿಗೂ ಅದರಲ್ಲಿ ಜಾಗ ಇದೆ. ಆಸ್ಪತ್ರೆ, ಥೆರಪಿ ಖರ್ಚಿನ ಒಂದು ಪಾಲು ಅಲ್ಲಿಂದ ಬಂದರೆ ಮಗುವಿನ ಪಾಠ ನಡುವೆ ನಿಲ್ಲುವುದಿಲ್ಲ.

ಈ ಕೆಲಸ ನಿಲ್ಲುವುದು ಹೆಸರಿನ ಮೇಲೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲೋ ಮಕ್ಕಳ ಡಾಕ್ಟರ್ ಹತ್ತಿರವೋ ಪರೀಕ್ಷೆ ಆದ ಮೇಲೆ ಪಾಲಕರು ಕೇಳುವ ಮೊದಲ ಪ್ರಶ್ನೆ, "ಕಲಿಸುವವರು ಯಾರಾದರೂ ಇದ್ದಾರೆಯೇ?" ಆಗ ಬಾಯಿಗೆ ಬರುವ ಹೆಸರು ನಿಮ್ಮದಾಗೋಕೆ ನಾಲ್ಕೈದು ವರ್ಷ ಬೇಕು. ಅಲ್ಲಿಯವರೆಗೆ ಹಗಲು ಒಂದು ಶಾಲೆ, ಸಂಜೆ ಎರಡು ಮನೆ. ಹೊಸಬರಿಗೆ ಪೂರ್ತಿ ಇದನ್ನೇ ನಂಬಿ ಅಂತ ನಾನು ಹೇಳಲಾರೆ.

ಅದೇ ಕೆಲಸಕ್ಕೆ ಜಾಸ್ತಿ, ಕಡಿಮೆ ಯಾಕೆ?

ಎಲ್ಲಕ್ಕಿಂತ ಮೊದಲು ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ. 1992ರ ಕಾಯ್ದೆ ಪ್ರಕಾರ ನೋಂದಣಿ ಇಲ್ಲದೆ ಈ ವೃತ್ತಿ ಮಾಡುವುದೇ ಅಪರಾಧ. ಅದನ್ನು ಆಗಾಗ ನವೀಕರಿಸಬೇಕು, ಅದಕ್ಕೆ ಸಿಆರ್‌ಇ ಅನ್ನೋ ಮುಂದುವರಿದ ತರಬೇತಿ ಕಾರ್ಯಕ್ರಮಗಳಿಗೆ ಹೋಗಿ ಅಂಕ ಕೂಡಿಸಬೇಕು. ನನ್ನದು ಒಮ್ಮೆ ಮುಗಿದು ಮೂರು ತಿಂಗಳಾಗಿತ್ತು, ನಾನು ನೋಡಿರಲಿಲ್ಲ. ಒಂದು ಒಳ್ಳೆಯ ಸಂದರ್ಶನದಲ್ಲಿ ಕಾಗದ ನೋಡುವಾಗಲೇ ವಾಪಸ್ ಕಳಿಸಿದರು. ಆಗ ಇದ್ದ ಕೆಲಸಕ್ಕಿಂತ ಅಲ್ಲಿ ತಿಂಗಳಿಗೆ ಏಳು ಸಾವಿರ ಜಾಸ್ತಿ ಇತ್ತು.

ಆಮೇಲೆ ನೀವು ಓದಿದ ವಿಭಾಗ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ 21 ಥರದ ಅಂಗವೈಕಲ್ಯ ಇದೆ, 1995ರದ್ದರಲ್ಲಿ 7 ಇತ್ತು. ಆಟಿಸಂ, ಕಲಿಕಾ ತೊಂದರೆ ಸೇರಿದ್ದರಿಂದ ಆ ವಿಭಾಗದವರನ್ನು ಖಾಸಗಿ ಶಾಲೆ, ಪಾಲಕರು ಜಾಸ್ತಿ ಹುಡುಕುತ್ತಾರೆ. ದೃಷ್ಟಿ, ಶ್ರವಣ ವಿಭಾಗದವರಿಗೆ ಹೆಚ್ಚಾಗಿ ವಿಶೇಷ ಶಾಲೆಗಳೇ ಗತಿ. ಆದರೆ ಅವರ ಸಂಖ್ಯೆಯೂ ಕಡಿಮೆ, ಹುದ್ದೆ ಬಂದಾಗ ಪೈಪೋಟಿಯೂ ಕಡಿಮೆ. ದೃಷ್ಟಿ ಇಲ್ಲದ ಮಗು ಏನಾಗಬಲ್ಲದು ಅಂತ ಗದಗದ ವೀರೇಶ್ವರ ಪುಣ್ಯಾಶ್ರಮ, ಪುಟ್ಟರಾಜ ಗವಾಯಿಗಳು ನಮಗೆಲ್ಲ ತೋರಿಸಿದ್ದಾರೆ. ಆ ನೆಲದಲ್ಲಿ ಬ್ರೈಲ್ ಬಲ್ಲ ಶಿಕ್ಷಕಿಗೆ ಗೌರವ ಇದೆ, ಸಂಬಳವೂ ಆ ಮಟ್ಟಕ್ಕೆ ಬರಲಿ ಅನ್ನೋದು ನನ್ನ ಆಸೆ.

ಡಿ.ಇಡಿಗೂ ಬಿ.ಇಡಿಗೂ ಸಂಬಳದ ವ್ಯತ್ಯಾಸ ಖಜಾನೆಯಲ್ಲಿ ಸ್ಪಷ್ಟ ಇದೆ, ಅನುದಾನದ ಶಾಲೆಯಲ್ಲಿ ಅಷ್ಟಾಗಿ ಇಲ್ಲ. ಇಂಗ್ಲಿಷ್ ಬಂದರೆ ಖಾಸಗಿ ಶಾಲೆಯಲ್ಲಿ ಅನುಕೂಲ. ಆದರೆ ನವಲಗುಂದದ ಹಳ್ಳಿಯ ತಾಯಿಗೆ ಮಗುವಿನ ಬಗ್ಗೆ ಅವಳದೇ ಮಾತಲ್ಲಿ ತಿಳಿಸಿ ಹೇಳುವ ಶಕ್ತಿ ಇದೆಯಲ್ಲ, ಅದಕ್ಕೆ ಯಾವ ಶಾಲೆಯೂ ಬೆಲೆ ಕಟ್ಟಿಲ್ಲ.

ಯಾರಿಗೆ ಯಾವುದು

25ರೊಳಗಿನವರು, ಮನೆ ಜವಾಬ್ದಾರಿ ಕಡಿಮೆ ಇರುವವರು ಪಿಎಫ್ ಇರುವ ವಿಶೇಷ ಶಾಲೆಯಲ್ಲಿ ಎರಡು ವರ್ಷ ಕೆಲಸ ಕಲಿಯಿರಿ, ಜೊತೆಗೆ ಟಿಇಟಿ ಓದಿ. ಮದುವೆಯಾಗಿ ಹುಬ್ಬಳ್ಳಿಯಲ್ಲೇ ನೆಲೆ ನಿಂತವರಿಗೆ, ಮನೆ ಹತ್ತಿರ ಹನ್ನೆರಡು ತಿಂಗಳ ಸಂಬಳದ ಖಾಸಗಿ ಶಾಲೆ ಸಿಕ್ಕರೆ ಅದೇ ಒಳ್ಳೆಯದು. ಹತ್ತು ವರ್ಷ ಅನುಭವ ಆಗಿ ಪಾಲಕರ ನಂಬಿಕೆ ಗಳಿಸಿದವರು ಸಣ್ಣ ಸೆಂಟರ್ ತೆರೆಯಬಹುದು. ಗದಗ, ಹಾವೇರಿಯಲ್ಲಿ ಅದರ ಅಗತ್ಯ ಜಾಸ್ತಿ ಇದೆ. ಅಲ್ಲಿಯ ತಾಯಂದಿರು ಮಗುವನ್ನು ಎತ್ತಿಕೊಂಡು ಬಸ್ಸಿನಲ್ಲಿ ಹುಬ್ಬಳ್ಳಿಗೆ ಬರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಅಣ್ಣಿಗೇರಿಯ ಹುಡುಗಿ ಮಾರನೇ ದಿನ ಧೈರ್ಯ ಮಾಡಿ ಹುಬ್ಬಳ್ಳಿ ಶಾಲೆಗೆ ಫೋನ್ ಮಾಡಿದಳು. ಹನ್ನೆರಡು ತಿಂಗಳ ಸಂಬಳ ಕೊಡುತ್ತೀರಾ ಅಂತ ಕೇಳಿದಳು. ಅವರು ಹನ್ನೊಂದಕ್ಕೆ ಒಪ್ಪಿದರು. ಕೇಳಿದ್ದಕ್ಕೇ ವರ್ಷಕ್ಕೆ 18,000 ಬಂತು ನೋಡಿ. ಈಗ ಹುಬ್ಬಳ್ಳಿ ಪತ್ರ 1,98,000ಕ್ಕೆ ಏರಿತು, ಧಾರವಾಡದ್ದಕ್ಕಿಂತ 3,120 ಜಾಸ್ತಿ. ಶಕ್ತಿ ಯೋಜನೆ ಇರುವುದರಿಂದ ಸಾಮಾನ್ಯ ಬಸ್ಸಿಗೆ ಟಿಕೆಟ್ ಖರ್ಚೂ ಇಲ್ಲ. ಆದರೆ ಮಾಳಮಡ್ಡಿಯಿಂದ ಗೋಕುಲ ರೋಡ್‌ಗೆ ಹೋಗಿ ಬರೋಕೆ ದಿನಕ್ಕೆ ಎರಡು ಗಂಟೆ. ವರ್ಷಕ್ಕೆ 220 ದಿನ ಶಾಲೆ ಅಂದರೂ 440 ಗಂಟೆ. ಅವಳೇ ಮೊಬೈಲಿನಲ್ಲಿ ಭಾಗಿಸಿ ನೋಡಿದಳು. ಗಂಟೆಗೆ ಏಳು ರೂಪಾಯಿ.

ಧಾರವಾಡದ ಶಾಲೆಗೆ ಸೇರಿದ್ದಾಳೆ. ಉಳಿದ ಎರಡು ಗಂಟೆ ಸಂಜೆ ಸಪ್ತಾಪುರದ ಲೈಬ್ರರಿಯಲ್ಲಿ ಕೂರುತ್ತಾಳೆ. ಆರ್‌ಸಿಐ ನೋಂದಣಿ ಮುಗಿಯುವ ತಾರೀಖನ್ನು ಕ್ಯಾಲೆಂಡರ್ ಹಿಂದೆ ದೊಡ್ಡದಾಗಿ ಬರೆದಿಟ್ಟುಕೊಂಡಿದ್ದಾಳೆ.